ಮಳೆಪುಟ

ಭುವನಾ ಮತ್ತೆ ಒಳಕೋಣೆಯ ಕಡೆ ನೋಡಿದಳು. ಇದು ಮೂರನೆಯ ಸಲ. ಶಶಿಧರ್ ಎಣಿಸುತ್ತಲೇ ಇದ್ದ.

“ನೀವು ಇಲ್ಲೇ ಕೂತ್ಕೊಳ್ಳಿ ಮೇಡಂ, ನನ್ನ ಕಣ್ಣೆದುರಿಗೆ,” ಎಂದು ಮುಂದಿನ ಸಾಲಿನ ಕುರ್ಚಿ ತೋರಿಸಿದ. ಅವಳು ಮರುಮಾತಾಡದೆ ಬಂದು ಕೂತಳು. ಏನೋ ಹೂಡಿದ್ದಾಳೆ ಎಂಬ ಅನುಮಾನ ಅವನಿಗೆ ಇನ್ನಷ್ಟು ಬಲವಾಯಿತು.

ಗೋಣಿಬೀಡಿನ ಆ ಕಾಫಿ ಬೆಳೆಗಾರರ ಸಂಘದಲ್ಲಿ ಭುವನಾ ಕ್ಲರ್ಕ್. ಸುತ್ತಿನ ತೋಟದವರೆಲ್ಲ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಎಷ್ಟು ಇಂಚು, ಅದರ ಮೇಲೆ ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಬಿತ್ತೆಂದು ಮೊಬೈಲಿನಲ್ಲಿ ಕಳಿಸುತ್ತಾರೆ. ಅದಷ್ಟೂ ಸಂಘದ ಮಳೆಪುಟದಲ್ಲಿ ಕಾಣುತ್ತದೆ. ಕಾಫಿ ಹೂವಾಗುವ ಈ ದಿನಗಳಲ್ಲಂತೂ ಮಳೆಪುಟ ನೋಡದೆ ಯಾರೂ ಸ್ಪ್ರಿಂಕ್ಲರ್ ಮುಟ್ಟುವುದಿಲ್ಲ. ಆರು ವರ್ಷದಿಂದ ಆ ಪುಟವನ್ನು ಎಲ್ಲರ ಮೊಬೈಲಿಗೆ ಹಂಚುತ್ತಿದ್ದದ್ದು ಭುವನಾ ಜೋಡಿಸಿಟ್ಟ ಒಂದು ಪೆಟ್ಟಿಗೆ.

ಪೆಟ್ಟಿಗೆ ಎಂದರೂ ಹೆಚ್ಚಾಯಿತು. ಒಂದು ಬೆಲ್ಲದ ಅಚ್ಚಿನಷ್ಟಿತ್ತು. ಮೊಬೈಲ್ ಚಾರ್ಜರಿನಲ್ಲೇ ಅದರ ಹೊಟ್ಟೆ ತುಂಬುತ್ತಿತ್ತು. ಒಳಗೆ ಲಿನಕ್ಸ್, ಅದರ ಮೇಲೆ ಪುಕ್ಕಟೆ ಸಿಗುವ ಒಂದು ಪುಟಾಣಿ ವೆಬ್ ಸರ್ವರ್. ಕೇಳಿದವರಿಗೆ ಪುಟ ಕೊಡುವುದು, ಯಾರೂ ಕೇಳದಿದ್ದರೆ ಸುಮ್ಮನಿರುವುದು. ಅದಕ್ಕೆ ಬರುತ್ತಿದ್ದ ವಿದ್ಯೆ ಅಷ್ಟೇ.

ಹೊಸ ಸರ್ವರ್ ಮಾರಲು ಚಿಕ್ಕಮಗಳೂರಿನಿಂದ ಬಂದ ಶಶಿಧರನಿಗೆ ಅದನ್ನು ನೋಡಿದಾಗಲೇ ಮೈ ಉರಿದಿತ್ತು. ಇದನ್ನೂ ಸರ್ವರ್ ಅನ್ನುತ್ತಾರಂತೆ, ಕರ್ಮ! ಅವನು ತಂದಿಳಿಸಿದ ಯಂತ್ರವನ್ನು ಹೊರಲು ಇಬ್ಬರು ಬೇಕಾಗಿದ್ದರು. ಅದರ ಫ್ಯಾನಿನ ಅಬ್ಬರಕ್ಕೆ ಪಕ್ಕದ ಕೋಣೆಯಲ್ಲೂ ಫೋನಿನಲ್ಲಿ ಮಾತಾಡುವುದು ಕಷ್ಟವಾಗಿತ್ತು. ಯಂತ್ರವೆಂದರೆ ಹಾಗಿರಬೇಕು. ಇಂದಿನ ಸಭೆ ಅದನ್ನು ಒಪ್ಪಿದರೆ ತಾಲ್ಲೂಕಿನ ಉಳಿದ ಆರು ಸಂಘಗಳ ಕೆಲಸವೂ ಅವನಿಗೇ. ಒಪ್ಪದಿದ್ದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು.

ವಾರದ ಹಿಂದೆ ಹೊಸದನ್ನು ಕೂರಿಸಿದ ದಿನವೇ ಹಳೆಯದನ್ನು ಗುಜರಿಗೆ ಹಾಕಿಸಲು ಹೊರಟಿದ್ದ. ಸಭೆ ಒಪ್ಪುವ ತನಕ ಸಂಘದ ಸಾಮಾನು ಕದಲಿಸುವಂತಿಲ್ಲ ಎಂದು ಭುವನಾ ತಡೆದಳು.

“ಅಲ್ಲೀವರೆಗೆ ನಿಮ್ದರ ಹಿಂದೆ ನಿಂತಿರ್ಲಿ ಸಾರ್. ನಿಮ್ದು ಉತ್ತರ ಕೊಡ್ದೆ ಇದ್ರೆ ಇದು ಕೊಡುತ್ತೆ.”

“ಆನೆ ಬಿದ್ರೆ ಇಲಿ ಬಂದು ಎತ್ತುತ್ತಾ?” ಎಂದು ಮೂಗು ಮುರಿದು, ಅವಳ ಹೊಟ್ಟೆ ತಣ್ಣಗಾಗಲಿ ಎಂದು ಹಾಗೆಯೇ ಜೋಡಿಸಿದ್ದ. ಈಗ ಅದೇ ಅವನನ್ನು ಕೊರೆಯುತ್ತಿತ್ತು. ಆ ನೆಪದಲ್ಲಿ ಇವಳು ತನ್ನ ಯಂತ್ರಕ್ಕೇ ಏನಾದರೂ ಕಿತಾಪತಿ ಮಾಡಿಟ್ಟಿದ್ದರೆ?

ಸಂಘದ ಅಟೆಂಡರ್ ಶಿವಯ್ಯನಿಗೂ ಅಂದೇ ಪಾಠ ಹೇಳಿಯಾಗಿತ್ತು. ಶಶಿಧರನ ಅಪ್ಪನ ವಯಸ್ಸಿನ ಮುದುಕ. ಆದರೆ ಅಟೆಂಡರಿಗೆಂಥ ಬಹುವಚನ?

“ನೋಡು, ಆ ಹಳೇ ಡಬ್ಬಕ್ಕೆ ಸಿಡಿಲು ಬಡಿದ್ರೂ ಕೇಳೋರಿಲ್ಲ. ನಂದಕ್ಕೇನಾದ್ರೂ ಆದ್ರೆ ಹೊಣೆ ನಿಂದು.”

“ಆಯ್ತು ಸಾರ್,” ಎಂದಿದ್ದ ಶಿವಯ್ಯ.

ಸಭೆ ಶುರುವಾಯಿತು. ದೇವರಮನೆ ಗುಡ್ಡದ ಕಡೆಯಿಂದ ಗುಡುಗು ಉರುಳಿ ಬಂತು. ಹೂವಿಗೆ ಒಳ್ಳೆಯ ಮಳೆ ಎಂದು ಹಾಲ್ ತುಂಬ ಗುಸುಗುಸು. ಅಧ್ಯಕ್ಷ ಮಲ್ಲಿಕಾರ್ಜುನಪ್ಪ ಮನೆಗೆ ಫೋನ್ ಹಚ್ಚಿ, “ಟಿವಿದು, ಫ್ರಿಜ್ಜಿಂದು ಪ್ಲಗ್ ಕಿತ್ತಿಡು, ಮರೀಬೇಡ,” ಎಂದು ಹೇಳಿ, ಮೈಕ್ ಹಿಡಿದರು. ಬಾಗಿಲ ಬಳಿ ನಿಂತಿದ್ದ ಶಿವಯ್ಯ ಒಳಗೆ ಹೋಗಿ ಬಂದ. ಶಶಿಧರನ ಕಣ್ಣು ಮಾತ್ರ ಭುವನಾಳ ಮೇಲಿತ್ತು.

ಅವಳು ಒಳಕೋಣೆಯತ್ತ ಕಿವಿಗೊಟ್ಟು, ಗಾಬರಿಯಿಂದ ಅರ್ಧ ಎದ್ದಳು. “ಸಾರ್, ಒಂದ್ ನಿಮಿಷ...”

“ಕೂತ್ಕೊಳ್ಳಿ!” ಎಂದು ಗದರಿ ಅವನು ವೇದಿಕೆ ಹತ್ತಿದ. “ಎಲ್ರೂ ಮೊಬೈಲ್ ತೆಗೀರಿ. ಒಟ್ಟಿಗೇ ಮಳೆಪುಟ ತೆರೀರಿ. ಮತ್ತೆ ಮತ್ತೆ ಒತ್ತಿ. ಆ ಹಳೇ ಡಬ್ಬ ಆಗಿದ್ರೆ ಇಷ್ಟೊತ್ತಿಗೆ ಪ್ರಾಣ ಬಿಟ್ಟಿರೋದು.”

ನೂರ ನಲವತ್ತು ಬೆಳೆಗಾರರು ಒಟ್ಟಿಗೆ ಒತ್ತಿದರು. ಬೆರಳು ಎತ್ತುವುದರೊಳಗೆ ಪುಟ ತೆರೆಯಿತು. ಮತ್ತೆ ಒತ್ತಿದರು. ಮತ್ತೆ ತೆರೆಯಿತು.

“ಒಂದು ವಾರದಿಂದ ಚೂರು ಎಳೀತಿತ್ತಲ್ಲ,” ಮಲ್ಲಿಕಾರ್ಜುನಪ್ಪ ಹುಬ್ಬೇರಿಸಿದರು. “ಇವತ್ತು ಮುಂಚಿನ ಹಾಗೇ ಓಡ್ತಿದೆ ಮಾರಾಯ!”

“ಇವತ್ತು ಪೂರ್ತಿ ಶಕ್ತಿ ಬಿಟ್ಟಿದೀನಿ ಸಾರ್,” ಎಂದ ಶಶಿಧರ್, ಎದೆಯುಬ್ಬಿಸಿ. ನಿಜಕ್ಕೂ ಅವನು ಏನನ್ನೂ ಬಿಟ್ಟಿರಲಿಲ್ಲ. ಆದರೆ ಬಂದ ಹೊಗಳಿಕೆಯನ್ನು ಬೇಡವೆನ್ನಲು ಅವನೇನು ಸನ್ಯಾಸಿಯೇ?

ಕೈಗಳೆಲ್ಲ ಮೇಲೆದ್ದವು. ಸಭೆ ಒಪ್ಪಿತು. ಹೊಸ ಯಂತ್ರಕ್ಕೆ ಹಾರ ಹಾಕೋಣ ಎಂದು ಅಧ್ಯಕ್ಷರು ಎದ್ದರು. ಮಂದಿಯೆಲ್ಲ ಒಳಕೋಣೆಗೆ ನುಗ್ಗಿತು.

ಕೋಣೆ ತೆಪ್ಪಗಿತ್ತು. ಶಶಿಧರನಿಗೆ ಒಂದು ಕ್ಷಣ ಏನೋ ಕಡಿಮೆಯಾದಂತೆ ಅನ್ನಿಸಿತು. ಆದರೆ ಗೆದ್ದವನಿಗೆ ಯೋಚನೆಗೆಲ್ಲಿಯ ಪುರುಸೊತ್ತು? “ನೋಡಿ, ಇಷ್ಟು ಜನ ಮೇಲೆ ಬಿದ್ರೂ ಒಂದು ಸದ್ದಿಲ್ಲ. ಮುಟ್ಟಿ ನೋಡಿ, ತಣ್ಣಗಿದೆ!” ಎಂದ. ಮಲ್ಲಿಕಾರ್ಜುನಪ್ಪ ಮುಟ್ಟಿ ನೋಡಿ, ತಲೆದೂಗಿ, ಹಾರ ಹಾಕಿದರು.

ಶಶಿಧರ್ ಶೆಲ್ಫಿನ ಮೇಲಿನ ಹಳೆಯ ಪೆಟ್ಟಿಗೆಗೆ ಕೈ ಹಾಕಿದ. ಈ ಸುಖವನ್ನು ಅವನು ಇನ್ನೊಬ್ಬರಿಗೆ ಬಿಡುವವನಲ್ಲ.

“ಸಾರ್, ಬೇಡ, ಅದನ್ನ ಈಗ ಕೀಳ್ಬೇಡಿ!” ಭುವನಾ ಜನರ ನಡುವಿನಿಂದ ಕೂಗಿದಳು.

“ಅಳ್ಬೇಡಿ ಮೇಡಂ. ಮನೆಗೆ ತಗೊಂಡೋಗಿ, ಪೇಪರ್ ಹಾರದ ಹಾಗೆ ಮೇಲಿಡೋಕಾಗುತ್ತೆ.” ಚಾರ್ಜರನ್ನು ಸರಕ್ಕನೆ ಎಳೆದು, ಪೆಟ್ಟಿಗೆಯನ್ನು ಅವಳ ಕೈಗೆ ತುರುಕಿದ.

“ಅರೆ, ಪುಟ ಹೋಯ್ತಲ್ಲ!” ಬಾಗಿಲಿನಿಂದ ಯಾರೋ ಅಂದರು. “ನಂದೂ ಹೋಯ್ತು,” ಎಂದ ಇನ್ನೊಬ್ಬ. ಅಧ್ಯಕ್ಷರು ತಮ್ಮ ಮೊಬೈಲ್ ನೋಡಿ, ಆಮೇಲೆ ಶಶಿಧರನ ಮುಖ ನೋಡಿದರು.

ಶಿವಯ್ಯ ಜನರನ್ನು ಸರಿಸಿಕೊಂಡು ಮುಂದೆ ಬಂದ. ಹೆಬ್ಬೆರಳಿನಷ್ಟು ದಪ್ಪದ ಕರೀ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ.

“ಗುಡುಗು ನಿಂತಿದೆ ಸಾರ್. ನಿಮ್ ಮಿಷಿನ್ನಿಂದು ಪ್ಲಗ್ ಈಗ ಹಾಕ್ಲಾ?”