ಪೆಟ್ಟಿಗೆಗೆ ಸೊಸೆಯ ಗುರುತು

ಈ ಮಾತು ಶುರುವಾದದ್ದು ಮಾಘದ ಒಂದು ಮುಂಜಾನೆ, ಬಿಸಿಲು ಮಗ್ಗದ ಗುಂಡಿಗೆ ಇಳಿಯುವ ಹೊತ್ತಿಗೆ. ಇಳಕಲ್ಲಿನ ಎಲ್ಲ ನೇಕಾರರ ಮನೆಯಂತೆ ನೀಲವ್ವನ ಮನೆಯಲ್ಲೂ ಕೇಳಿದ್ದನ್ನು ಹೇಳಿಕೊಡುವ ಮಾತಿನ ಪೆಟ್ಟಿಗೆಯಿತ್ತು. ಮೂರು ತಲೆಮಾರಿನ ಸೀರೆಯ ಸೆರಗು ನೇಯುವ ಕಸುಬೆಲ್ಲ ಅದರೊಳಗಿತ್ತು. ಮನೆಯ ಹಿರಿಯಳು ಒಪ್ಪಿದವರ ಫೋನಿಗಷ್ಟೇ ಅದು ಉತ್ತರ ಕೊಡುತ್ತಿತ್ತು. ಸೊಸೆ ಗಿರಿಜೆಯ ಗುರುತನ್ನು ಅದಕ್ಕೆ ಹೇಳುವುದನ್ನು ನೀಲವ್ವ ಎರಡು ವರ್ಷ ಮುಂದೂಡಿದ್ದಳು. ಈಗ ಮಗ ಇನ್ನೊಬ್ಬಳನ್ನು ಮಾಡಿಕೊಂಡಿದ್ದ. ಗಿರಿಜೆ ತವರಿಗೆ ಹೊರಡಲು ಗಂಟು ಕಟ್ಟಿದ್ದಳು.

"ತವರಾಗ ಮಗ್ಗ ಐತಿ, ಅತ್ತಿ. ನನಗ ಸೆರಗು ನೇಯೂದು ಪೂರ್ತಿ ಬರೂದಿಲ್ಲ."

"ಇಷ್ಟು ದಿನ ಕೇಳಾಕ ಬಾಯಿ ಇರಲಿಲ್ಲೇನ?"

"ಕೇಳಿದ್ನಲ್ಲ. ನಿಮ್ಮ ಪೆಟ್ಟಿಗಿ, ಯಾರ ನೀನು ಅಂತು."

ನೀಲವ್ವ ಸೊಸೆಯ ಫೋನು ಇಸಿದುಕೊಂಡಳು. ಅದನ್ನು ಪೆಟ್ಟಿಗೆಯ ಮುಂದೆ ಹಿಡಿದು, "ಈಕಿ ನಮ್ಮಾಕಿ," ಎಂದಳು.

"ಮನಿ ಬಿಟ್ಟು ಹೊಂಟಾಳಲ್ಲ?" ಎಂದಿತು ಪೆಟ್ಟಿಗೆ.

"ಎಲ್ಲಿಂದ ಕೇಳಿದ್ರೂ ಹೇಳು. ಹಿರ್ಯಾಕಿ ನಾನದೀನಿ."

ಗಿರಿಜೆ ಹೋದದ್ದು ಬುಧವಾರ, ಬಸ್ ನಿಲ್ದಾಣದವರೆಗೂ ಫೋನಿನಲ್ಲಿ ಪೆಟ್ಟಿಗೆಯಿಂದ ಸೆರಗಿನ ಎಳೆಯ ಲೆಕ್ಕ ಕೇಳಿಕೊಳ್ಳುತ್ತ.