ಬಿಟ್ಟು ಬಂದ ಕೊಕ್ಕೆ

“ತಿಜೋರಿ ತೆಗೆದಿದ್ದು ನಾನೇ. ಯಾರೂ ಹೆದರಿಸಿಲ್ಲ. ಹಾಗಂತ್ಲೇ ಬರ್ಕೊಳ್ಳಿ.”

ಜೈಲಿನ ಭೇಟಿ ಕೋಣೆಯಲ್ಲಿ ವಕೀಲಮ್ಮ ಪೆನ್ನು ಕೆಳಗಿಟ್ಟಳು. ಮಾಲು ಸಮೇತ ಸಿಕ್ಕಿಬಿದ್ದು ‘ನಾನವನಲ್ಲ’ ಎಂದು ಸಾಧಿಸುವ ಕಕ್ಷಿದಾರರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಬಿಡಿಸುತ್ತೇನೆ ಎಂದರೆ ಬೆಚ್ಚಿಬೀಳುವವನು ಇವನೊಬ್ಬನೇ. ಬೀಗ ರಿಪೇರಿ ಕಸುಬಿನವನು, ಮದುವೆಯಿಲ್ಲ, ಅಣ್ಣನ ಮನೆಯಲ್ಲೇ ವಾಸ. ಒಡವೆ ಅಂಗಡಿಯ ತಿಜೋರಿಯಿಂದ ಹೋದ ಚಿನ್ನ ಎಲ್ಲಿ ಎಂದು ಕೇಳಿದರೆ ಮಾತ್ರ ಬಾಯಿಗೇ ಬೀಗ.

“ಕತ್ತಿನ ಮೇಲೆ ಆ ಗಾಯದ ಕಲೆ?”

“ಶೇವ್ ಮಾಡ್ಕೊಳ್ಳುವಾಗ ಆಗಿದ್ದು.”

“ಕಿವಿ ಹಿಂದೆ ಗಡ್ಡ ಬೆಳೆಯುತ್ತಾ ನಿಮಗೆ?”

ಅವನು ತಲೆ ತಗ್ಗಿಸಿದ. ಪಕ್ಕದಲ್ಲಿ ಕೂತಿದ್ದ ಅಣ್ಣ ಕಣ್ಣೊರೆಸಿಕೊಂಡ. “ಎಳ್ಕೊಂಡು ಹೋಗಿ ತಿಜೋರಿ ತೆಗೆಸಿದ ಆ ಕಳ್ಳರ ಹೆದರಿಕೆ ಇವ್ನಿಗೆ, ಮೇಡಂ. ಮೊದಲಿಂದ್ಲೂ ಪಾಪದವನು. ಅಪ್ಪ ಅಮ್ಮ ಹೋದ್ಮೇಲೆ ನಾನೇ ಸಾಕಿದ್ದು. ಏನಾದ್ರೂ ಮಾಡಿ, ಇವನನ್ನ ಮನೆಗೆ ಕಳಿಸ್ಕೊಡಿ.” ತಮ್ಮನ ಎಡಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಸವರಿದ. ಅದರ ಎರಡು ಬೆರಳುಗಳು ಸೊಟ್ಟಗಿದ್ದವು.

“ಇದೇನಾಯ್ತು?” ವಕೀಲಮ್ಮ ಕೇಳಿದ್ದು ತಮ್ಮನನ್ನು.

“ಬಾಗಿಲಿಗೆ ಸಿಕ್ಕಿದ್ದು,” ಅಂದವನು ಅಣ್ಣ. “ಒಂದು ಸಲಕ್ಕೆ ಬುದ್ಧಿ ಬರ್ಲಿಲ್ಲ ನೋಡಿ.”

ಜೈಲಿಗೆ ಬಂದ ಮೇಲೆ ಬೀಗದವನ ಮೈ ತುಂಬಿಕೊಂಡಿತ್ತು. ಒಳಗೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಕಾವಲಿನವನ ಹತ್ತಿರ ಹೇಳಿದ್ದನಂತೆ. ಹೊರಗೆ ಕೊಲೆಗಡುಕರು ಕಾಯುತ್ತಿದ್ದರೆ ಯಾರಿಗಾದರೂ ಹಾಗೇ ಅನ್ನಿಸೀತು. ಇವನು ಬೇಡವೆಂದರೂ ಬಿಡಿಸಿಯೇ ಸಿದ್ಧ ಎಂದು ವಕೀಲಮ್ಮ ಪಟ್ಟು ಹಿಡಿದಳು.

ವಿಚಾರಣೆಯ ದಿನ ಸರ್ಕಾರಿ ವಕೀಲರು ಒಂದು ಉಕ್ಕಿನ ಕೊಕ್ಕೆಯನ್ನು ಎತ್ತಿ ತೋರಿಸಿದರು. ತಿಜೋರಿಯ ಬೀಗದಲ್ಲೇ ಉಳಿದಿದ್ದ ಹತಾರ ಅದು. ಹಿಡಿಯ ಮೇಲೆ ಬೀಗದವನ ಗುರುತು. ಪೊಲೀಸರು ಅದರ ಜಾಡು ಹಿಡಿದೇ ಅವನ ಮನೆಗೆ ಬಂದಿದ್ದರು.

ವಕೀಲಮ್ಮ ಅದೇ ಕೊಕ್ಕೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅದೇ ಕಸುಬಿನ ಮುದುಕನೊಬ್ಬನನ್ನು ಸಾಕ್ಷಿಗೆ ಕರೆಸಿದಳು.

“ಹತಾರ ಒರೆಸಿ, ಬಟ್ಟೇಲಿ ಸುತ್ತಿಟ್ಟು, ಆಮೇಲೆ ಬಾಗಿಲು ಮುಚ್ಚೋದು ನಮ್ಮ ರೂಢಿ,” ಎಂದ ಮುದುಕ. “ಇವನಂತೂ ಒಂದು ತಿರುಪನ್ನೂ ಬಿಟ್ಟು ಬಂದವನಲ್ಲ.”

“ಅಂಥವನು ಕೊಕ್ಕೆಯನ್ನೇ ಬಿಟ್ಟು ಬಂದನೆಂದರೆ, ಸ್ವಾಮಿ, ಕೈ ಎಷ್ಟು ನಡುಗುತ್ತಿದ್ದಿರಬೇಕು!” ಎಂದಳು ವಕೀಲಮ್ಮ. “ಕಳ್ಳರ ಸಹವಾಸಕ್ಕೆ ತಾನಾಗಿ ಹೋದವನಿಗೆ ಕಾನೂನಿನ ಆಸರೆಯಿಲ್ಲ, ಒಪ್ಪಿದೆ. ಆದರೆ ಕತ್ತಿಗೆ ಚಾಕು ಒತ್ತಿ, ಈ ಕ್ಷಣವೇ ಕೊಲ್ಲುತ್ತೇವೆಂದು ಹೆದರಿಸಿ ಮಾಡಿಸಿದ ಕಳ್ಳತನ ಇವನ ಅಪರಾಧವಲ್ಲ.”

ಮುಖಕ್ಕೆ ಬಟ್ಟೆ ಕಟ್ಟಿದ್ದ ಇಬ್ಬರು ತಮ್ಮನನ್ನು ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ ಎಂದು ಅಣ್ಣ ಸಾಕ್ಷಿ ನುಡಿದ. ನುಡಿಯುತ್ತಾ ಗಳಗಳನೆ ಅತ್ತ.

“ಸುಳ್ಳು!” ಕಟಕಟೆಯಿಂದ ಬೀಗದವನು ಕೂಗಿದ. “ತಪ್ಪು ನಂದೇ. ನನ್ನನ್ನ ಒಳಗೇ ಇಡಿ ಸ್ವಾಮಿ, ಕೈ ಮುಗೀತೀನಿ.”

ನ್ಯಾಯಾಧೀಶರು ಕನಿಕರದಿಂದ ನೋಡಿದರು. ಭಯದಿಂದ ಬಂದ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆ ಕೊಡಲಾಗದು ಎಂದು ಹೇಳಿ ಬಿಡುಗಡೆ ಮಾಡಿದರು.

ಜನ ಅಣ್ಣನನ್ನು ಮುತ್ತಿಕೊಂಡರು. ಅಣ್ಣ ಅಂದ್ರೆ ಹೀಗಿರಬೇಕು ಎಂದು ಯಾರೋ ಬೆನ್ನು ತಟ್ಟಿದರು. ಅಣ್ಣ ತಮ್ಮನ ಹೆಗಲು ಬಳಸಿ ಹೊರಗೆ ನಡೆಸಿಕೊಂಡು ಹೋದ. ಬಾಗಿಲ ಹತ್ತಿರ ಬೀಗದವನು ಒಮ್ಮೆ ತಿರುಗಿ ವಕೀಲಮ್ಮನನ್ನು ನೋಡಿದ, ಆಮೇಲೆ ಕಟಕಟೆಯಲ್ಲಿ ತಾನು ಕೂತಿದ್ದ ಬೆಂಚನ್ನು ನೋಡಿದ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡಳು ಅವಳು. ಗೆದ್ದ ಖುಷಿಯಲ್ಲಿ ಅವಳಿಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಾಗದಪತ್ರ ಜೋಡಿಸಿಕೊಂಡು ಏಳುವಾಗ ಬೆಂಚಿನ ಮೇಲೆ ಅವನ ಬಟ್ಟೆಯ ಚೀಲ ಕಂಡಿತು. ಜೈಲಿನಿಂದ ತಂದದ್ದು. ಗಡಿಬಿಡಿಯಲ್ಲಿ ಮರೆತೇಬಿಟ್ಟನಲ್ಲ ಎಂದು ನಕ್ಕು, ಎತ್ತಿಕೊಂಡು ಅವಸರವಾಗಿ ಮೆಟ್ಟಿಲಿಳಿದಳು.

ಅರ್ಧ ಇಳಿದವಳಿಗೆ ಮುದುಕನ ಮಾತು ನೆನಪಾಯಿತು. ಒಂದು ತಿರುಪನ್ನೂ ಬಿಟ್ಟು ಬಂದವನಲ್ಲ.

ಅವಳು ಓಡಿದಳು.

ಕಟ್ಟಡದ ಹಿಂದೆ, ಕಾರಿನ ಹತ್ತಿರ ಅಣ್ಣ ತಮ್ಮ ಇಬ್ಬರೇ ಇದ್ದರು. ಅಣ್ಣ ಕಾರಿನ ಬಾಗಿಲನ್ನು ತೆರೆದು ಹಿಡಿದಿದ್ದ. ತಮ್ಮ ಹತ್ತದೆ ನಿಂತಿದ್ದ.

“ಕೊಕ್ಕೆ ಬೇಕೂಂತ್ಲೇ ಬಿಟ್ಟು ಬಂದೆ, ಅಲ್ವಾ?” ಅಣ್ಣನ ದನಿ ಎಂದಿನಂತೆ ಮೆತ್ತಗಿತ್ತು. “ಎಡಗೈ ಇಲ್ಲಿಡು. ಬಲಗೈಗೆ ಮುಂದಿನ ವಾರ ಕೆಲಸ ಇದೆ.”