ನಿಂಬೆವ್ವನಿಗೆ ಬರುವ ಕೆಲಸ

"ನಿಂಬೆವ್ವ, ನಿನಗ ಯಾವ ಕೆಲಸ ಬರೀಲಿ ಬೇ?" ಜಗದೇವಪ್ಪ ಹೆಸರು ಬರೆಯುವ ವಹಿಯಿಂದ ತಲೆ ಎತ್ತದೆ ಕೇಳಿದರು.

ರಾಜ್ಯದ ಗಡಿಯಾಚೆ ಭೂಕಂಪವಾಗಿ ಮೂರು ದಿನ. ಮನೆಮಠ ಕಳೆದುಕೊಂಡವರನ್ನು ಲಾರಿಯಲ್ಲಿ ತಂದು ಖಜೂರಿಯ ಶಾಲೆಯಲ್ಲಿ ಇಳಿಸಿದ್ದರು. ಊರಿಗೆ ಊರೇ ಸೇವೆಗೆ ನಿಂತಿತ್ತು. ರೊಟ್ಟಿ ಬಡಿಯುವವರು, ನೀರು ಹೊರುವವರು, ಮನೆಮನೆ ತಿರುಗಿ ಹೊದೆಯಲು ಕೌದಿ ಕೂಡಿಸುವವರು, ಎಲ್ಲರ ಹೆಸರೂ ಉಸ್ತುವಾರಿ ಹೊತ್ತ ಜಗದೇವಪ್ಪನವರ ವಹಿಯಲ್ಲಿತ್ತು. ಕೈ ನಡುಗುವ ಮುದುಕಿ ನಿಂಬೆವ್ವನದು ಮಾತ್ರ ಇರಲಿಲ್ಲ.

"ನನಗ ಅಳಾಕ ಬರ್ತದ್ರಿ," ಎಂದಳು.

ಸುತ್ತಲಿದ್ದವರು ಮುಸಿಮುಸಿ ನಕ್ಕರು. ಸುಳ್ಳೇನಲ್ಲ, ಸುತ್ತ ಹತ್ತೂರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಾಡಿ ಹಾಡಿ ಅಳಲು ನಿಂಬೆವ್ವನೇ ಬೇಕು.

"ಇಲ್ಲಿ ಅಳೋರಿಗೇನ ಬರ ಅದ? ಮನಿಗಿ ಹೋಗು," ಎಂದರು ಜಗದೇವಪ್ಪ.

ಅವಳು ಹೋಗಲಿಲ್ಲ. ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಗೋಡೆ ನೋಡುತ್ತ ಕೂತಿದ್ದಳು. ಬಂದಾಗಿನಿಂದ ಮಾತಿಲ್ಲ, ಕಣ್ಣಲ್ಲಿ ಹನಿಯಿಲ್ಲ, ಹೆಸರೂ ಯಾರಿಗೂ ಗೊತ್ತಿಲ್ಲ. ಬಾಯಿಗೆ ಹಾಕಿದ ನೀರು ಹೊರಗೇ ಹರಿಯುತ್ತಿತ್ತು. ಹೀಗೇ ಬಿಟ್ಟರೆ ಈಕೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋಗಿದ್ದರು.

ನಿಂಬೆವ್ವ ಅವಳೆದುರು ಕೂತಳು. "ಯಾರು ಹೋದ್ರವ್ವ? ಹೆಸರ ಹೇಳು, ನಾ ಅಳ್ತೇನಿ."

ಆಕೆ ಗೋಡೆಯನ್ನೇ ನೋಡುತ್ತಿದ್ದಳು. ಹೆಸರಿಲ್ಲದೆ ಅಳುವುದು ಹೇಗೆ? ಬೇರೆ ದಾರಿ ಕಾಣದೆ ಮುದುಕಿ ತನ್ನ ಮಗನ ಹೆಸರನ್ನೇ ಎತ್ತಿದಳು. ಅವನು ಹಾವು ಕಚ್ಚಿ ಹೋಗಿ ಮೂವತ್ತು ವರ್ಷವಾಗಿತ್ತು.

"ಕುರಿ ಮನಿಗಿ ಬಂದಾವೋ ಬೀರಣ್ಣಾ, ನೀ ಎಲ್ಲಿ ಉಳದಿಯೋ ನನ್ನಪ್ಪಾ..."

ಊರವರ ಸಾವಿಗೆ ಎಂದೂ ರಾಗ ತಪ್ಪದವಳಿಗೆ ಇಂದು ರಾಗವೇ ತಪ್ಪಿತು. ಎದೆ ಬಿರಿದು ನಿಜವಾದ ಅಳು ಬಂತು. ನಿಲ್ಲಿಸಲು ಹೋದರೂ ನಿಲ್ಲಲಿಲ್ಲ. ಆಗ ಒಂದು ಕೈ ಮುಂದೆ ಬಂದು ಅವಳ ಕೆನ್ನೆ ಒರೆಸಿತು.

"ಅಳಬ್ಯಾಡ ಆಯಿ," ಎಂದಳು ಆ ಹೆಣ್ಣುಮಗಳು. ಅಂದವಳೇ, "ನನ್ನ ಕೂಸೂ ಹೋಯ್ತು ಆಯಿ, ನನ್ನ ಮಗ್ಗಲದಾಗೇ..." ಎಂದು ನಿಂಬೆವ್ವನ ಮಡಿಲಿಗೆ ಬಿದ್ದು ಗೋಳೋ ಎಂದು ಅತ್ತಳು. ಹೊತ್ತು ಇಳಿಯುವ ವೇಳೆಗೆ ಎದ್ದು ಕೂತು ನೀರು ಕೇಳಿದಳು. ಕೊಟ್ಟ ರೊಟ್ಟಿಯನ್ನು ಎರಡಾಗಿ ಮುರಿದು, ಒಂದು ತುಂಡನ್ನು ಮುದುಕಿಯ ಕೈಗಿಟ್ಟಳು.

ಜಗದೇವಪ್ಪ ವಹಿ ಹಿಡಿದು ಬಂದರು. "ತಪ್ಪಾತು ನಿಂಬೆವ್ವ. ನಿನ್ನ ಹೆಸರು ಬರಕೋತೇನಿ."

"ನಂದಿರಲಿ, ಮೊದಲ ಈಕಿದು ಬರಕೋರಿ. ಹೆಸರ ಹೇಳ್ಯಾಳ, ತುಳಜಾಬಾಯಿ ಅಂತ," ಎಂದಳು ನಿಂಬೆವ್ವ. "ಮೂವತ್ತು ವರ್ಷದಾಗ ನನ್ನ ಕಣ್ಣೀರ ಒರಸಿದಾಕಿ ಈಕಿ ಒಬ್ಬಾಕಿನೇ."